ಗಡಿ ದಾಟದ ಗುಳೆ

1956ರ ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆಯನ್ನು ಓದುತ್ತಾ ಹೋದರೆ ಒಂದು ಕಡೆ ‘ನಿರ್ಣಾ ವೃತ್ತವನ್ನು ಹೊರತುಪಡಿಸಿ’ ಎಂಬ ಮಾತು ಸಿಗುತ್ತದೆ. ಬೀದರ್ ಜಿಲ್ಲೆಯ ಜಹೀರಾಬಾದ್ ತಾಲ್ಲೂಕು ಆಂಧ್ರಪ್ರದೇಶಕ್ಕೆ ಹೋಗಲಿ, ಆದರೆ ನಿರ್ಣಾದ ಸುತ್ತಲಿನ ಹಳ್ಳಿಗಳು ಮೈಸೂರು ರಾಜ್ಯಕ್ಕಿರಲಿ ಎಂದು ಅದರ ಅರ್ಥ. ಬೀದರ್ ತಾಲ್ಲೂಕಿನ ನ್ಯಾಲಕಲ್ ವೃತ್ತವೂ ನಾರಾಯಣಖೇಡವೂ ಆಂಧ್ರಕ್ಕೆ ಹೋದವು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಸೇರಿದವು. ಕಲಬುರಗಿ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರದ ಪಾಲಾದವು. ಆ ವರ್ಷದ ನವೆಂಬರ್ 1ರಂದು ಈ ಊರುಗಳಲ್ಲಿ ಯಾರೂ ಗಂಟುಮೂಟೆ ಕಟ್ಟಲಿಲ್ಲ. ಮನುಷ್ಯ ಕೂತಲ್ಲೇ ಕೂತಿದ್ದ. ಅವನ ಪಹಣಿ, ಅವನ ದಾವೆ, ಅವನ ಮಗನ ಶಾಲೆಯ ಭಾಷೆ ಮಾತ್ರ ಬೇರೆ ಬೇರೆ ರಾಜಧಾನಿಗಳ ದಾರಿ ಹಿಡಿದವು.

ಕಲೆಯ ಬಗ್ಗೆ ಬರೆಯಲು ಕೂತವನು ಕಾಯ್ದೆಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಕಳೆದ ಮೂರು ದಶಕಗಳಲ್ಲಿ ಜಗತ್ತಿನ ಸಮಕಾಲೀನ ಕಲೆ ಗಡಿ, ವಲಸೆ, ನೆಲದ ಮೇಲಿನ ಅಧಿಕಾರ ಎಂಬ ಮೂರು ವಿಷಯಗಳನ್ನು ಬಿಟ್ಟೂಬಿಡದೆ ಹಿಡಿದುಕೊಂಡಿದೆ. ದೊಡ್ಡ ಕಲಾಮೇಳಗಳಲ್ಲೆಲ್ಲ ಮುಳ್ಳುತಂತಿ, ನಕ್ಷೆ, ದೋಣಿ, ಪಾಸ್‌ಪೋರ್ಟ್. ಅವುಗಳಲ್ಲಿ ಒಳ್ಳೆಯವೂ ಇವೆ, ಬರೀ ಗದ್ದಲದವೂ ಇವೆ. ಕಲಬುರಗಿಯಲ್ಲಿ ಕೂತು ಇವನ್ನು ನೋಡುವಾಗ ನನಗೆ ಏಳುವ ಪ್ರಶ್ನೆಯೇ ಬೇರೆ. ಪಾಸ್‌ಪೋರ್ಟ್ ಎಂದರೇನೆಂದು ತಿಳಿಯದವರು, ಒಂದೇ ಒಂದು ದೇಶದ ಗಡಿಯನ್ನೂ ದಾಟದವರು, ವರ್ಷದಲ್ಲಿ ಆರು ತಿಂಗಳು ಊರು ಬಿಟ್ಟಿರುತ್ತಾರಲ್ಲ, ನಾವು ಗುಳೆ ಎಂದು ಕರೆಯುವ ಆ ಹೋಗು–ಬರುವನ್ನು ಈ ಕಲೆ ಕಾಣಬಲ್ಲದೆ? ಕಾಣುವುದಾದರೆ ಹೇಗೆ?

ಮೊದಲು ಗೆರೆಯ ಮಾತು. ಬೆಲ್ಜಿಯಂನಲ್ಲಿ ಹುಟ್ಟಿ ಮೆಕ್ಸಿಕೊದಲ್ಲಿ ನೆಲೆಸಿರುವ ಫ್ರಾನ್ಸಿಸ್ ಆಲಿಸ್ 2004ರಲ್ಲಿ ತಳ ತೂತಾದ ಬಣ್ಣದ ಡಬ್ಬಿ ಹಿಡಿದು ಜೆರುಸಲೇಮ್ ನಗರದ ನಡುವೆ ನಡೆದರು. ಸುಮಾರು 24 ಕಿಲೋಮೀಟರ್ ದಾರಿ, 58 ಲೀಟರ್ ಹಸಿರು ಬಣ್ಣ. ಅವರು ನಡೆದದ್ದು 1948ರ ಅರಬ್–ಇಸ್ರೇಲ್ ಯುದ್ಧದ ಕೊನೆಗೆ ಇಸ್ರೇಲಿ ಸೇನಾಧಿಕಾರಿ ಮೋಶೆ ದಯಾನ್ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಎಳೆದ ಕದನವಿರಾಮದ ಗೆರೆಯ ಜಾಡಿನಲ್ಲಿ. ಆ ಪೆನ್ಸಿಲ್ ಗೆರೆಯ ದಪ್ಪ ಮೂರು–ನಾಲ್ಕು ಮಿಲಿಮೀಟರ್. ನಕ್ಷೆಯ ಅಳತೆಯಲ್ಲಿ ಅದನ್ನು ನೆಲಕ್ಕಿಳಿಸಿದರೆ 60ರಿಂದ 80 ಮೀಟರ್ ಅಗಲ. ಹಾಗಾದರೆ ಗೆರೆಯೊಳಗೇ ಸಿಕ್ಕಿಕೊಂಡ ಮನೆಗಳು ಯಾರವು? ಈ ಪ್ರಶ್ನೆಗೆ ಉತ್ತರಿಸಲು ವಕೀಲರೂ ಸರ್ಕಾರಗಳೂ ದಶಕಗಟ್ಟಲೆ ಹೆಣಗಿವೆ. ಆಲಿಸ್ ಉತ್ತರಿಸಲು ಹೋಗಲಿಲ್ಲ, ಬಣ್ಣ ಸೋರಲು ಬಿಟ್ಟರು. ಚೆಕ್‌ಪೋಸ್ಟಿನ ಮುಂದೆ, ಸಂತೆಯ ನಡುವೆ, ಮಕ್ಕಳು ಆಡುವಲ್ಲಿ ಒಬ್ಬ ಸಣಕಲ ಮನುಷ್ಯ ಡಬ್ಬಿ ಹಿಡಿದು ಹೋಗುತ್ತಾನೆ. ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಕಲಾಕೃತಿಯಲ್ಲಿ ನನಗೆ ತುಂಬ ಹಿಡಿಸಿದ್ದು ಜನರ ಆ ನಿರ್ಲಕ್ಷ್ಯ.

ನಮ್ಮ ಗೆರೆಯನ್ನು ಎಳೆದದ್ದು ಮುಖ್ಯವಾಗಿ ತಾಲ್ಲೂಕು, ವೃತ್ತಗಳ ಹೆಸರುಪಟ್ಟಿಯಿಂದ. ‘ಹೊರತುಪಡಿಸಿ’ ಎಂಬ ಪದಕ್ಕೆ ಎಷ್ಟು ಮೀಟರ್ ಅಗಲ ಎಂದು ಅಳೆಯುವ ಸ್ಕೇಲ್ ಯಾರ ಹತ್ತಿರವೂ ಇಲ್ಲ.

ಮೋನಾ ಹಾತೂಮ್ ಅವರ ಸಾಬೂನಿನ ನಕ್ಷೆ ಆಲಿಸ್ ನಡಿಗೆಗಿಂತ ಗಟ್ಟಿ ಕೆಲಸ. ಪ್ಯಾಲೆಸ್ಟೀನಿ ಕುಟುಂಬದ ಮಗಳಾಗಿ ಬೇರೂತಿನಲ್ಲಿ ಹುಟ್ಟಿದ ಅವರು 1975ರಲ್ಲಿ ಲಂಡನ್ನಿಗೆ ಹೋಗಿದ್ದಾಗ ಲೆಬನಾನ್‌ನಲ್ಲಿ ಯುದ್ಧ ಶುರುವಾಗಿ ಲಂಡನ್ನಿನಲ್ಲೇ ಉಳಿಯಬೇಕಾಯಿತು. 1996ರಲ್ಲಿ ಜೆರುಸಲೇಮಿನಲ್ಲಿ ನಾಬ್ಲುಸ್ ಪಟ್ಟಣದ ಆಲಿವ್ ಎಣ್ಣೆಯ ಸಾಬೂನಿನ 2,200 ತುಂಡುಗಳನ್ನು ನೆಲದ ಮೇಲೆ ಜೋಡಿಸಿ, ಇಸ್ರೇಲಿಗೂ ಪ್ಯಾಲೆಸ್ಟೀನಿಯರಿಗೂ ನಡುವೆ ಆದ ಓಸ್ಲೋ ಒಪ್ಪಂದದ ಪ್ರಕಾರ ಪ್ಯಾಲೆಸ್ಟೀನಿಯರಿಗೆ ಮರಳಬೇಕಿದ್ದ ಜಾಗಗಳ ಅಂಚನ್ನು ಪುಟ್ಟ ಕೆಂಪು ಮಣಿಗಳಿಂದ ಗುರುತಿಸಿದರು. ನೋಡಿದರೆ ಚರ್ಮರೋಗದ ಕಲೆಗಳಂತೆ ಚದುರಿದ ತುಣುಕುಗಳು. ಒಂದು ಬಕೆಟ್ ನೀರು ಸುರಿದರೆ ಆ ದೇಶ ಕರಗಿ ಮೋರಿ ಸೇರುತ್ತದೆ. ಇದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಕಲಾವಿದೆಗೆ ಬೀಳಲಿಲ್ಲ. ನಾಬ್ಲುಸ್‌ನ ಸಾಬೂನಿಗೆ ನೂರಾರು ವರ್ಷಗಳ ಹೆಸರಿದೆ, ಪ್ರತಿ ಮನೆಯ ಬಚ್ಚಲಿನಲ್ಲೂ ಅದರ ವಾಸನೆ ಇದೆ. ಅಂದರೆ ನಕ್ಷೆ ಮೂಗಿನಿಂದಲೂ ಓದುವಂಥದ್ದಾಯಿತು.

ಈ ಬಗೆಯ ಕೆಲಸಕ್ಕೆ ಕನ್ನಡದಲ್ಲಿ ‘ಪ್ರತಿಷ್ಠಾಪನಾ ಕಲೆ’ ಎಂಬ ಪದ ಬಳಕೆಯಲ್ಲಿದೆ. ದೇವರ ಪ್ರತಿಷ್ಠಾಪನೆ ನೆನಪಾಗಿ ನನಗೆ ಪ್ರತಿ ಸಲವೂ ಮುಜುಗರವಾಗುತ್ತದೆ. ಸಾಬೂನನ್ನು ಯಾರೂ ಪ್ರತಿಷ್ಠಾಪಿಸುವುದಿಲ್ಲ, ತಿಕ್ಕಿ ಮುಗಿಸುತ್ತಾರೆ.

ನಮ್ಮ ಉಪಖಂಡದ ಕಲಾವಿದರಿಗೆ ಗಡಿ ಎಂದರೆ ಮೊದಲು 1947. ಅಲಿಗಢದಲ್ಲಿ ಹುಟ್ಟಿದ ಜರೀನಾ ಹಾಶ್ಮಿ 2001ರಲ್ಲಿ ಕೆತ್ತಿದ ಮರದಚ್ಚಿನಲ್ಲಿ ಕಾಣುವುದು ಒಂದು ವಕ್ರ ಕಪ್ಪು ಗೆರೆ ಮಾತ್ರ. ಅದು ಭಾರತ–ಪಾಕಿಸ್ತಾನದ ಗಡಿ. ಅವರ ತಂದೆತಾಯಿ ಊರು ಬಿಟ್ಟು ಕರಾಚಿಗೆ ಹೋದದ್ದು 1959ರಲ್ಲಿ, ಅಂದರೆ ಗೆರೆ ಬಿದ್ದು ಹನ್ನೆರಡು ವರ್ಷಗಳಾದ ಮೇಲೆ. ಗೆರೆ ಒಂದೇ ದಿನ ಕೊಯ್ಯುವುದಿಲ್ಲ, ನಿಧಾನವಾಗಿ ಒಳಗಿಳಿಯುತ್ತದೆ ಎಂಬುದು ಆ ಮನೆಯ ಕತೆ. ಅವರ ಎಷ್ಟೋ ಅಚ್ಚುಗಳಲ್ಲಿ ಚಿತ್ರದ ಕೆಳಗೆ ಉರ್ದು ಪದವೊಂದು ಇರುತ್ತದೆ: ಮನೆ, ಹೊಸ್ತಿಲು, ಅಂಗಳ. ಕಲಬುರಗಿಯ ದರ್ಗಾ ರಸ್ತೆಯಲ್ಲಿ ಬೆಳೆದವರಿಗೆ ಆ ಲಿಪಿ ಅಂಗಡಿಯ ಬೋರ್ಡಿನದು, ಮದುವೆಯ ರುಕ್ಕಾದ್ದು, ಅಂದರೆ ಕರೆಯೋಲೆಯದು. ಜರೀನಾ ನೆಲೆಸಿದ್ದ ನ್ಯೂಯಾರ್ಕಿನ ಗೋಡೆಯ ಮೇಲೆ ಅದು ಕಳೆದುಹೋದ ಭಾಷೆ. ಇಲ್ಲಿ ಅದು ಇನ್ನೂ ತರಕಾರಿಯ ಲೆಕ್ಕ ಬರೆಯುತ್ತಿದೆ.

ಮುಂಬಯಿಯ ಶಿಲ್ಪಾ ಗುಪ್ತಾ ಗಡಿಯನ್ನು ನೂಲಿನ ಉಂಡೆಯಾಗಿ ಸುತ್ತಿದರು. 79.5 ಮೈಲಿ ಉದ್ದದ ನೂಲು. ಅದನ್ನು 14.9ರಿಂದ ಗುಣಿಸಿದರೆ ಭಾರತ–ಪಾಕಿಸ್ತಾನ ನಡುವಿನ ಬೇಲಿ ಹಾಕಿದ ಗಡಿಯ ಉದ್ದ ಹೆಚ್ಚುಕಡಿಮೆ ಬರುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಮೊಟ್ಟೆಯಂತೆ ಕೂತ ಈ ಉಂಡೆ ಜಾಣತನದ ಕೆಲಸ. ಆದರೆ ಮನಸ್ಸಿಗೆ ಹತ್ತಿರವಾಗುವುದು ಅವರದೇ ಇನ್ನೊಂದು ಕೆಲಸ: ನೂರು ಜನರಿಗೆ ಕಾಗದ ಕೊಟ್ಟು, ನೋಡದೆ ನಿಮ್ಮ ದೇಶದ ನಕ್ಷೆ ಬರೆಯಿರಿ ಎಂದದ್ದು. ಒಬ್ಬರದೂ ಇನ್ನೊಬ್ಬರಂತಿಲ್ಲ. ಸರ್ಕಾರಗಳು ಗಡಿಯ ಒಂದು ಕೂದಲೆಳೆಗೂ ಕೋರ್ಟಿಗೆ ಹೋಗುತ್ತವೆ. ಆ ದೇಶದ ಪ್ರಜೆಗೆ ಅದರ ಆಕಾರ ಸರಿಯಾಗಿ ನೆನಪಿರುವುದಿಲ್ಲ.

ಈ ಆಟವನ್ನು ನಾನೂ ಒಮ್ಮೆ ಆಡಿಸಿ ನೋಡಿದೆ. ಕಲಬುರಗಿಯಲ್ಲಿ ಹತ್ತಿಪ್ಪತ್ತು ಹುಡುಗ ಹುಡುಗಿಯರು ಸೇರಿದ್ದ ಒಂದು ಚಿತ್ರ ಶಿಬಿರದಲ್ಲಿ, ಮೊಬೈಲ್ ತೆಗೆಯದೆ ಕರ್ನಾಟಕವನ್ನು ಬರೆಯಲು ಹೇಳಿದೆ. ಬೀದರಿನವರು ಮೇಲ್ತುದಿಯ ಮೊಗ್ಗನ್ನು ಎಷ್ಟು ದೊಡ್ಡದಾಗಿ ಬರೆದರೆಂದರೆ, ರಾಜ್ಯದ ಕಿರೀಟ ಎಂದು ಶಾಲೆಯಲ್ಲಿ ಕಲಿತದ್ದು ಸಾರ್ಥಕವಾಯಿತು. ಯಾದಗಿರಿಯ ಕಡೆಯವರ ನಕ್ಷೆಗಳಲ್ಲಿ ಕೃಷ್ಣಾ, ಭೀಮಾ ನದಿಗಳು ಗಡಿಗಿಂತ ದಪ್ಪವಾಗಿದ್ದವು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮಹಾರಾಷ್ಟ್ರದಿಂದ ಹರಿದು ಬಂದ ಭೀಮೆಯ ಪ್ರವಾಹ ಹಳ್ಳಿಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಅದು ಸಹಜ. ಕಲಬುರಗಿ ಪೇಟೆಯ ಇಬ್ಬರು ಬೀದರನ್ನೇ ಮರೆತರು. ಕರಾವಳಿ ಎಲ್ಲರದ್ದೂ ಒಂದೇ ನೇರ ಗೆರೆ. ಸಮುದ್ರ ನೋಡಿದವರು ಕಡಿಮೆ. ತಾಂಡಾದಿಂದ ಬಂದಿದ್ದ ಒಬ್ಬ ಹುಡುಗಿಯ ಹಾಳೆ ಮಾತ್ರ ಬೇರೆಯೇ ಆಗಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಈಗ ಗುಳೆಗೆ ಬರೋಣ. ತೊಗರಿ ರಾಶಿ ಮುಗಿದ ಮೇಲೆ, ಕೆಲವು ಕಡೆ ದೀಪಾವಳಿಯ ಬೆನ್ನಿಗೇ, ಯಾದಗಿರಿ ಮತ್ತು ಕಲಬುರಗಿಯ ಹಳ್ಳಿಗಳಿಂದ, ತಾಂಡಾಗಳಿಂದ ಜನ ಹೊರಡುತ್ತಾರೆ. ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ. ಸಾಲದ ಗಂಟು ಊರಿನಲ್ಲಿ, ದುಡಿಮೆ ಪರಊರಿನಲ್ಲಿ. ಬೆಂಗಳೂರಿನ ಕಟ್ಟಡ ಮತ್ತು ರಸ್ತೆ ಕೆಲಸ, ಮುಂಬಯಿ–ಪುಣೆಯ ಸೈಟುಗಳು, ಹೈದರಾಬಾದ್, ಗೋವಾ. ಕಬ್ಬು ಕಡಿಯುವ ಹಂಗಾಮಿಗೆ ಹೋಗುವವರದು ಬೇರೆ ದಾರಿ. ಮುಂಗಾರು ಕಣ್ಣು ಬಿಡುವ ಹೊತ್ತಿಗೆ ಮರಳುತ್ತಾರೆ. ಇದನ್ನು ಬಡತನ ಎಂಬ ಒಂದೇ ಪದದಲ್ಲಿ ಮುಗಿಸುವುದು ವರದಿಗಾರರ ಚಟ. ಮಳೆಯಾಶ್ರಿತ ಒಂದೇ ಬೆಳೆ, ಮನೆಯಲ್ಲಿ ಮದುವೆ ಅಥವಾ ಕಾಯಿಲೆಗೆ ಮಾಡಿದ ಸಾಲ, ನಗರದಲ್ಲಿ ದುಪ್ಪಟ್ಟು ಕೂಲಿ, ಈಗಾಗಲೇ ಅಲ್ಲಿರುವ ನೆಂಟ ಎಲ್ಲ ಸೇರಿದಾಗ ಬೀಗ ಬೀಳುತ್ತದೆ. ಸೀದಾ ಹೇಳಬೇಕೆಂದರೆ, ಕೆಲವು ಯುವಕರು ಊರಿನ ಗೌಡನ ಕಣ್ಣಿನಿಂದ ದೂರವಾಗಲೂ ಹೋಗುತ್ತಾರೆ.

ಇಲ್ಲಿ ಗಡಿ ಎಲ್ಲಿದೆ? ಕಾನೂನಿನಲ್ಲಿದೆ. 1979ರ ವಲಸೆ ಕಾರ್ಮಿಕರ ಕಾಯ್ದೆ ರಕ್ಷಣೆ ಕೊಟ್ಟದ್ದು ಗುತ್ತಿಗೆದಾರನ ಮೂಲಕ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದವರಿಗೆ. ಅದರ ಜಾಗಕ್ಕೆ ಬಂದ 2020ರ ಕಾರ್ಮಿಕ ಸಂಹಿತೆಯೂ ‘ಅಂತರರಾಜ್ಯ’ ಎಂಬ ಪದವನ್ನು ಬಿಟ್ಟಿಲ್ಲ. ಯಾದಗಿರಿಯಿಂದ ಹೈದರಾಬಾದಿಗೆ ಹೋದವನು ಕಾನೂನಿನ ಕಣ್ಣಿಗೆ ವಲಸೆ ಕಾರ್ಮಿಕ. ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದೂರವಿರುವ ಬೆಂಗಳೂರಿಗೆ ಹೋದ ಅವನ ತಮ್ಮ ಆ ಲೆಕ್ಕಕ್ಕೆ ವಲಸಿಗನೇ ಅಲ್ಲ, ಏಕೆಂದರೆ ಅವನು ಗಡಿ ದಾಟಿಲ್ಲ. 1956ರಲ್ಲಿ ಗೆರೆ ಬೀಳುವ ಮೊದಲು ಹೈದರಾಬಾದು ಇವರ ರಾಜಧಾನಿಯಾಗಿತ್ತು, ಬೆಂಗಳೂರು ಪರರಾಜ್ಯ. ಆಗ ಇದೇ ಕಾಯ್ದೆ ಇದ್ದಿದ್ದರೆ ಅಣ್ಣ ತಮ್ಮಂದಿರ ಪಾತ್ರ ಅದಲುಬದಲಾಗುತ್ತಿತ್ತು.

ಎಣಿಕೆಯಲ್ಲೂ ಗಡಿಯಿದೆ. 2011ರ ಜನಗಣತಿಯ ಪ್ರಕಾರ ದೇಶದೊಳಗೇ ಸ್ಥಳ ಬದಲಿಸಿದವರು ಸುಮಾರು 45 ಕೋಟಿ. ಅದರಲ್ಲಿ ದೊಡ್ಡ ಪಾಲು ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳದು. ಆರು ತಿಂಗಳಿಗೊಮ್ಮೆ ಹೋಗಿ ಬರುವವರು ಆ ಬಲೆಯ ಕಣ್ಣುಗಳಿಂದ ನುಸುಳಿ ಹೋಗುತ್ತಾರೆ. ಮುಂದಿನ ಗಣತಿಯ ವೇಳಾಪಟ್ಟಿ ನೋಡಿ: ಮನೆಪಟ್ಟಿಗೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ, ಜನರ ಎಣಿಕೆಗೆ 2027ರ ಫೆಬ್ರುವರಿ. ಫೆಬ್ರುವರಿ ಗುಳೆಯ ನಟ್ಟನಡು. ಮನೆ ಹಳ್ಳಿಯಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಮನೆಯವರು ಸಿಕ್ಕರೆ ನೀಲಿ ತಾಡಪಾಲಿನ ಶೆಡ್ಡಿನಲ್ಲಿ ಸಿಗುತ್ತಾರೆ, ಇಲ್ಲವಾದರೆ ಇಲ್ಲ. ಬಿಹಾರದಲ್ಲಿ 2025ರ ಆಗಸ್ಟ್ 1ರಂದು ಪ್ರಕಟವಾದ ಕರಡು ಮತದಾರರ ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಬಿದ್ದಾಗ, ಅವರಲ್ಲಿ ಸುಮಾರು 36 ಲಕ್ಷ ಜನ ‘ಸ್ಥಳಾಂತರಗೊಂಡವರು ಅಥವಾ ಸಿಗದವರು’ ಎಂಬ ಸಾಲಿನಲ್ಲಿದ್ದರು. ಆ ಸಾಲನ್ನು ಓದಿದ ದಿನದಿಂದ ನನಗೆ ಯಾದಗಿರಿಯ ಬೀಗ ಹಾಕಿದ ಮನೆಗಳ ಬಾಗಿಲುಗಳನ್ನು ನೋಡಿದರೆ ಬೇರೆಯೇ ಭಯ.

ನೆಲದ ಮೇಲಿನ ಅಧಿಕಾರ ಎಂದರೆ ಇದು. ಸೈನಿಕನಿಲ್ಲ, ಬೇಲಿಯಿಲ್ಲ, ಒಂದು ಅರ್ಜಿಯಲ್ಲಿ ಖಾಲಿ ಬಿಟ್ಟ ಜಾಗವಿದೆ. ಸಮಕಾಲೀನ ಕಲೆಗೆ ಇದು ಕಷ್ಟದ ವಸ್ತು, ಏಕೆಂದರೆ ಇದರಲ್ಲಿ ನೋಡಲು ಏನೂ ಇಲ್ಲ. ಮುಳ್ಳುತಂತಿ ಫೋಟೊಗೆ ಚೆನ್ನ. ಪಡಿತರ ಚೀಟಿ ಚೆನ್ನಲ್ಲ.

ಈ ಕಷ್ಟವನ್ನು ಗೆದ್ದ ಕೆಲಸ ನನಗೆ ಕಂಡದ್ದು ಕನ್ನಡ ನಾಡಿನವರದ್ದೇ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಶೀಲಾ ಗೌಡ 2006ರಲ್ಲಿ ಡಾಂಬರಿನ ಡ್ರಮ್ಮುಗಳಿಂದ ಒಂದು ಗೂಡು ಕಟ್ಟಿದರು. ರಸ್ತೆ ಕೆಲಸದವರು ಖಾಲಿ ಡ್ರಮ್ಮು ಸೀಳಿ, ತಗಡು ಬಡಿದು ಚಪ್ಪಟೆ ಮಾಡಿ ದಾರಿಬದಿಯಲ್ಲಿ ಗುಡಿಸಲು ಹಾಕುವುದನ್ನು ನಾವೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದ್ದೇವೆ. ಶೀಲಾ ಅವರ ಗೂಡಿಗೆ ಹೊರಗಿನಿಂದ ಕೋಟೆಯ ಗತ್ತು ಇದೆ, ಡ್ರಮ್ಮುಗಳು ಕಂಬಗಳಾಗಿ ನಿಂತಿವೆ. ಒಳಗೆ ತೆವಳಿ ಹೋದರೆ ಕತ್ತಲು. ಚಾವಣಿಯ ತಗಡಿನಲ್ಲಿ ಚುಚ್ಚಿದ ಸಣ್ಣ ಸಣ್ಣ ತೂತುಗಳಿಂದ ಬೆಳಕು ನಕ್ಷತ್ರಗಳಂತೆ ಇಳಿಯುತ್ತದೆ. ಅಲ್ಲಿ ಒಬ್ಬ ಕೂಲಿಯ ಚಿತ್ರವೂ ಇಲ್ಲ, ಒಂದು ಅಳುವ ಮುಖವೂ ಇಲ್ಲ. ಇರುವುದು ಡಾಂಬರಿನ ವಾಸನೆ, ಬಗ್ಗಬೇಕಾದ ಬೆನ್ನು, ಮತ್ತು ಆ ಕತ್ತಲಲ್ಲಿ ಯಾರೋ ಆಕಾಶ ನೋಡಿರಬಹುದು ಎಂಬ ಊಹೆ. ರಸ್ತೆ ಮಾಡುವವನಿಗೆ ರಸ್ತೆ ಉಳಿಯುವುದಿಲ್ಲ, ಡ್ರಮ್ಮು ಉಳಿಯುತ್ತದೆ. ಆ ಡ್ರಮ್ಮಿನೊಳಗೆ ಮಲಗಿದವರಲ್ಲಿ ನಮ್ಮ ಸುರಪುರ, ಶಹಾಪುರದ ಕಡೆಯವರು ಎಷ್ಟು ಜನವೋ.

ಇದಕ್ಕೆ ಎದುರಾಗಿ ಚೀನಾದ ಐ ವೈವೈ ಅವರನ್ನು ಇಡುತ್ತೇನೆ. ಅವರ ಧೈರ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. 2016ರ ಫೆಬ್ರುವರಿಯಲ್ಲಿ ಬರ್ಲಿನ್ನಿನ ಒಂದು ಸಂಗೀತ ಸಭಾಂಗಣದ ಕಂಬಗಳಿಗೆ ಅವರು ಸುಮಾರು 14,000 ಜೀವರಕ್ಷಕ ಜಾಕೆಟ್ಟುಗಳನ್ನು ಕಟ್ಟಿದರು. ಸಮುದ್ರ ದಾಟಿ ಗ್ರೀಸಿನ ಲೆಸ್ಬೋಸ್ ದ್ವೀಪಕ್ಕೆ ಬಂದ ನಿರಾಶ್ರಿತರು ಬಿಟ್ಟುಹೋದವು ಅವು. ಕಿತ್ತಳೆ ಬಣ್ಣ ಉರಿಯುವಂತೆ ಕಾಣುತ್ತಿತ್ತು. ಜಗತ್ತಿನ ಪತ್ರಿಕೆಗಳೆಲ್ಲ ಅಚ್ಚು ಹಾಕಿದವು. ವಸ್ತು ನಿಜವಾದದ್ದೇ, ಸಂಖ್ಯೆಯೂ ನಿಜ. ಆದರೂ ನನಗೆ ಅದು ಕ್ರೀಡಾಂಗಣದ ಗಾತ್ರದ ದುಃಖ. ಅಲ್ಲಿ ನಿಂತವನು ತಲೆಯೆತ್ತಿ ನೋಡುತ್ತಾನೆ, ಫೋಟೊ ತೆಗೆಯುತ್ತಾನೆ, ಒಳಗೆ ಹೋಗಿ ಸಂಗೀತ ಕೇಳುತ್ತಾನೆ. ಶೀಲಾ ಅವರ ಗೂಡಿನಲ್ಲಿ ಅವನು ಮಂಡಿಯೂರಬೇಕು. ಕಲೆ ನೋಡುವವನ ದೇಹಕ್ಕೆ ಸ್ವಲ್ಪವಾದರೂ ಅನನುಕೂಲವಾಗದೆ ವಲಸೆಯ ಕಲೆ ಆಗಲಾರದು ಎಂಬುದು ನನ್ನ ಪಕ್ಷಪಾತ, ಒಪ್ಪದವರು ಇರಲಿ.

ಒಳವಲಸೆಯನ್ನೇ ವಸ್ತುವಾಗಿ ಹಿಡಿದ ಹಳೆಯ ದೊಡ್ಡ ಕೆಲಸವೊಂದಿದೆ. ಅಮೆರಿಕದ ಕಪ್ಪು ಕಲಾವಿದ ಜೇಕಬ್ ಲಾರೆನ್ಸ್ 1940–41ರಲ್ಲಿ, ಇನ್ನೂ 23ರ ಆಸುಪಾಸಿನಲ್ಲಿದ್ದಾಗ, ದಕ್ಷಿಣದ ಹತ್ತಿ ಹೊಲಗಳಿಂದ ಉತ್ತರದ ಕಾರ್ಖಾನೆಗಳಿಗೆ ಹೋದ ಲಕ್ಷಾಂತರ ಕಪ್ಪು ಜನರ ಕತೆಯನ್ನು 60 ಚಿಕ್ಕ ಹಲಗೆಗಳ ಮೇಲೆ ಬರೆದರು. ಅವರೂ ಯಾವ ದೇಶದ ಗಡಿಯನ್ನೂ ದಾಟಿರಲಿಲ್ಲ. ಚಿತ್ರಗಳಲ್ಲಿ ರೈಲು ನಿಲ್ದಾಣವಿದೆ, ಟಿಕೆಟ್ಟಿನ ಸಾಲಿದೆ, ಖಾಲಿ ಹೊಲವಿದೆ, ಊಟದ ಮನೆಯಲ್ಲೂ ಬಿಳಿಯರಿಗೂ ಕರಿಯರಿಗೂ ನಡುವೆ ಎಳೆದ ಹಗ್ಗದಂಥ ಹಳದಿ ಗೆರೆಯಿದೆ. ಹಾಗಾದರೆ ಗಡಿ ಅವರ ಜೊತೆಯಲ್ಲೇ ಪ್ರಯಾಣ ಮಾಡಿತ್ತು. 60 ಹಲಗೆಗಳಿಗೂ ಒಂದೊಂದೇ ಬಣ್ಣವನ್ನು ಒಟ್ಟೊಟ್ಟಿಗೆ ಹಚ್ಚುತ್ತಾ ಹೋದದ್ದರಿಂದ ಇಡೀ ಸರಣಿ ಒಂದೇ ಹಾಡಿನಂತೆ ಕೂಡಿಕೊಂಡಿದೆ. ಆಮೇಲೆ ಎರಡು ಸಂಗ್ರಹಾಲಯಗಳು ಅದನ್ನು ಹಂಚಿಕೊಂಡವು: ಬೆಸ ಸಂಖ್ಯೆಯವು ವಾಷಿಂಗ್ಟನ್‌ಗೆ, ಸಮ ಸಂಖ್ಯೆಯವು ನ್ಯೂಯಾರ್ಕಿಗೆ. ಪುನರ್ವಿಂಗಡಣೆ ಚಿತ್ರಗಳನ್ನೂ ಬಿಡುವುದಿಲ್ಲ.

ಬೀದರಿನವರಿಗೆ ವಲಸೆ, ಗಡಿ, ಅಧಿಕಾರ ಮೂರೂ ಒಂದೇ ಕಟ್ಟಡದಲ್ಲಿ ಸಿಗುತ್ತವೆ. ಕೋಟೆಗೆ ಹೋಗುವ ದಾರಿಯಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಇದೆ, 1472ರದು. ಗವಾನ್ ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಕ್ಕೆ ಬಂದವನು, ಬಹಮನಿ ರಾಜ್ಯದ ಪ್ರಧಾನಿಯಾದ. ಆಸ್ಥಾನದಲ್ಲಿ ಆಗ ಎರಡು ಗುಂಪು: ಹೊರಗಿನಿಂದ ಬಂದ ಆಫಾಕಿಗಳು, ಇಲ್ಲಿಯೇ ನೆಲೆನಿಂತ ದಖನಿಗಳು. ‘ನೀನು ಎಲ್ಲಿಯವನು’ ಎಂಬ ಪ್ರಶ್ನೆ ಐನೂರು ವರ್ಷಗಳ ಹಿಂದೆಯೂ ಇದೇ ಬೀದಿಯಲ್ಲಿ ಕತ್ತಿ ಹಿರಿಸುತ್ತಿತ್ತು. ಗವಾನ್ ರಾಜ್ಯದ ನಾಲ್ಕು ಪ್ರಾಂತಗಳನ್ನು ಒಡೆದು ಎಂಟು ಮಾಡಿದ, ಪ್ರಾಂತಾಧಿಕಾರಿಗಳ ಕೈಯಿಂದ ಕೋಟೆಗಳನ್ನು ಕಿತ್ತುಕೊಂಡ, ಭೂಮಿ ಅಳೆಸಿದ. ಗೆರೆ ಬದಲಿಸಿದವನ ಮೇಲೆ ಸುಳ್ಳು ಪತ್ರವೊಂದು ಹುಟ್ಟಿತು. 1481ರಲ್ಲಿ ಸುಲ್ತಾನ ಅವನ ತಲೆ ತೆಗೆಸಿದ. ಮದರಸಾದ ಗೋಡೆಯಲ್ಲಿ ಉಳಿದಿರುವ ನೀಲಿ, ಹಳದಿ ಹೆಂಚುಗಳನ್ನು ಪ್ರವಾಸಿಗರು ಪಾರಸಿ ಕಲೆ ಎಂದು ಮೆಚ್ಚಿ ಫೋಟೊ ತೆಗೆಯುತ್ತಾರೆ. ನನಗೆ ಅವು ಒಬ್ಬ ವಲಸಿಗ ತನ್ನ ಊರನ್ನು ನೆನೆದು ಮಾಡಿದ ಕೆಲಸದಂತೆ ಕಾಣುತ್ತವೆ.

ಕಲಬುರಗಿಯದೂ ಇದೇ ವರಸೆ. ದೆಹಲಿಯಲ್ಲಿ ಹುಟ್ಟಿದ ಸೂಫಿ ಸಂತ ಖ್ವಾಜಾ ಬಂದೇ ನವಾಜರು ಬಾಲ್ಯದಲ್ಲಿ ತುಘಲಕನ ರಾಜಧಾನಿ ಬದಲಾವಣೆಯ ಜೊತೆಗೆ ದೌಲತಾಬಾದಿಗೆ ಬಂದರು, ಮರಳಿ ದೆಹಲಿಗೆ ಹೋದರು. 1398ರಲ್ಲಿ ತೈಮೂರ್ ದಾಳಿಯಿಟ್ಟಾಗ ಮತ್ತೆ ಹೊರಟು ಕೊನೆಗೆ ಇಲ್ಲಿ ನೆಲೆಯೂರಿದರು. ಉರುಸಿಗೆ ಸೇರುವ ಜನ ಒಬ್ಬ ನಿರಾಶ್ರಿತನ ಗೋರಿಗೆ ಚಾದರ ಹೊದಿಸುತ್ತಾರೆ ಎಂದು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಬಿದ್ರಿ ಕಲೆಯ ವಿಷಯ ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು. ಈ ಕಸುಬು ಇರಾನಿನ ಕಡೆಯಿಂದ ಬಂದ ಕುಶಲಕರ್ಮಿಗಳ ಜೊತೆ ಬೀದರಿಗೆ ಬಂತು ಎಂದು ಕಸುಬುದಾರರ ಮನೆಗಳಲ್ಲೇ ಹೇಳುತ್ತಾರೆ. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ದು, ಮೈಮೇಲೆ ಚಾಣದಿಂದ ಗೆರೆ ತೋಡಿ, ಆ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯೊಳಗಿನ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿಸಿಲು ಮಳೆ ಕಾಣದ ಜಾಗದ ಮಣ್ಣೇ ಆಗಬೇಕು, ನಾಲಗೆಗಿಟ್ಟು ರುಚಿ ನೋಡಿ ಆರಿಸಬೇಕು ಎಂಬುದು ಅವರ ಲೆಕ್ಕ. ಈ ಕಸುಬು ಬೀದರಿನಲ್ಲೇ ನಿಲ್ಲದೆ ಹೈದರಾಬಾದ್, ಲಖನೌ, ಬಂಗಾಳದ ಮುರ್ಷಿದಾಬಾದ್‌ವರೆಗೂ ಹೋಗಿತ್ತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಊರೆಲ್ಲ ಹೆಮ್ಮೆಪಟ್ಟಿತು. ಬಿದ್ರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ನಕಲಿ ಮಾಲಿನಿಂದ ಕಸುಬುದಾರನನ್ನು ಕಾಪಾಡಲು ಅದು ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ವಿಚಿತ್ರ ನೋಡಿ: ನಡೆದು ಬಂದ ಕಲೆಗೆ ನೆಲದ ಮುದ್ರೆ ಒತ್ತಿ, ಇದು ಈ ಗೆರೆಯೊಳಗಿನದು ಎಂದು ಸರ್ಕಾರ ಬರೆದುಕೊಟ್ಟಿತು. ಅಲೆಮಾರಿಗೆ ಕೊನೆಗೂ ಒಂದು ಪಹಣಿ ಸಿಕ್ಕಿತು.

ಗಡಿಯಿಂದ ನಮಗೂ ಲಾಭವಿದೆ ಎಂಬುದನ್ನು ಮರೆತು ಬರೆದರೆ ಅದು ಅಪ್ರಾಮಾಣಿಕತೆ. ಸಂವಿಧಾನದ 371(ಜೆ) ವಿಧಿ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲು ಕೊಟ್ಟಿತು. ಸ್ಥಳೀಯ ಎಂಬ ಪ್ರಮಾಣಪತ್ರಕ್ಕೆ ಕಚೇರಿಯ ಮುಂದೆ ನಿಲ್ಲುವ ಸಾಲಿನಲ್ಲಿ ನನ್ನ ಮನೆಯವರೂ ನಿಂತಿದ್ದಾರೆ. 2022ರ ಕೊನೆಯಲ್ಲಿ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ತಾಲ್ಲೂಕುಗಳ ಕೆಲವು ಹಳ್ಳಿಗಳು ನಮ್ಮನ್ನು ಕರ್ನಾಟಕಕ್ಕೆ ಸೇರಿಸಿ ಎಂದು ಕೂಗೆಬ್ಬಿಸಿದಾಗ ಅವರ ಬಾಯಲ್ಲಿದ್ದದ್ದು ನೀರು ಮತ್ತು ರಸ್ತೆಯ ಮಾತು. 1967ರ ಮಹಾಜನ ವರದಿ ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಕೊಡಬೇಕೆಂದು ಹೇಳಿತ್ತು. ಅದು ಕಾಗದದಲ್ಲೇ ಉಳಿಯಿತು. ಗಡಿಯೆಲ್ಲ ಕೆಟ್ಟದ್ದು ಎಂಬ ಕಲಾಮೇಳದ ಸುಲಭ ಮಾತು ಆ ಹಳ್ಳಿಗಳಲ್ಲಿ ನಡೆಯುವುದಿಲ್ಲ. ಅಲ್ಲಿಯವರಿಗೆ ಬೇಕಾದದ್ದು ಇನ್ನೊಂದು ಗಡಿ, ಇನ್ನೊಂದು ಕಡೆಗೆ.

ಹಾಗಾದರೆ ಇಲ್ಲಿನ ಕಲಾವಿದರು ಏನು ಮಾಡುತ್ತಿದ್ದಾರೆ ಎಂದು ಕೇಳಬಹುದು. ಮೊದಲನೆಯದಾಗಿ, ಅವರೇ ವಲಸೆ ಹೋಗುತ್ತಾರೆ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರುಗಳ, ಕ್ಯಾಲೆಂಡರುಗಳ ದೊರೆಯಾದರು. ದೇಶದ ಅರ್ಧ ಮನೆಗಳ ಗೋಡೆಯ ದೇವರುಗಳಿಗೆ ಮೈಕಟ್ಟು ಕೊಟ್ಟವರಲ್ಲಿ ಅವರೊಬ್ಬರು. ಈಗಲೂ ಕಲಬುರಗಿಯ ಕಲಾ ಕಾಲೇಜುಗಳಲ್ಲಿ ಕಲಿತವರು ಮುಂದಿನ ಓದಿಗೆ ಬರೋಡಾ, ಹೈದರಾಬಾದ್, ಶಾಂತಿನಿಕೇತನ ಎನ್ನುತ್ತಾರೆ, ಕೆಲಸಕ್ಕೆ ಬೆಂಗಳೂರು ಎನ್ನುತ್ತಾರೆ. ಉಳಿದವರು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗುತ್ತಾರೆ, ಫ್ಲೆಕ್ಸ್ ವಿನ್ಯಾಸ ಮಾಡುತ್ತಾರೆ. ಎರಡನೆಯದಾಗಿ, ನಮ್ಮ ಪ್ರದರ್ಶನಗಳಲ್ಲಿ ಗುಳೆ ಎಂದರೆ ಇನ್ನೂ ತಲೆಯ ಮೇಲೆ ಗಂಟು ಹೊತ್ತ ಹೆಣ್ಣು, ಹಿಂದೆ ಮುಳುಗುವ ಸೂರ್ಯ. ಚೆಂದದ ಬಣ್ಣ, ಆದರೆ ಅದು ಕಂಡವನ ಚಿತ್ರ, ಹೋದವನದಲ್ಲ. ಗಂಟಿನೊಳಗೆ ಏನಿದೆ ಎಂದು ಬಿಚ್ಚಿ ನೋಡಿದವರು ಕಡಿಮೆ. ಜೋಳದ ಹಿಟ್ಟು ಎಷ್ಟು ಸೇರು, ಯಾವ ಕಾಗದಪತ್ರ ಪ್ಲಾಸ್ಟಿಕ್ ಚೀಲದಲ್ಲಿದೆ, ಯಾವುದನ್ನು ಊರಿನ ಮುದುಕಿಯ ಹತ್ತಿರ ಬಿಟ್ಟು ಹೋಗಿದ್ದಾರೆ ಎಂಬುದೇ ಒಂದು ಕಲಾಕೃತಿಗೆ ಸಾಲುತ್ತದೆ.

ಸಾಮಗ್ರಿಗೇನೂ ಕೊರತೆಯಿಲ್ಲ. ಶಹಾಬಾದಿನ ಫರ್ಸಿ ಕಲ್ಲು ಇಲ್ಲಿಂದ ಹೊರಟು ಎಷ್ಟು ಊರುಗಳ ಅಂಗಳದಲ್ಲಿ ಹಾಸಿಕೊಂಡಿದೆ. ಅದನ್ನು ಎಬ್ಬಿದವರ ಹಿಂದೆಯೇ ಅದೂ ಗುಳೆ ಹೋಗಿದೆ. ವಾಡಿಯ ಸಿಮೆಂಟು ಬೆಂಗಳೂರಿನ ಕಂಬವಾಗುವಾಗ ಅದನ್ನು ಕಲಸುವ ಕೈಯೂ ಇಲ್ಲಿಯದೇ ಆಗಿರಬಹುದು. ಹಾತೂಮ್ ಅವರಿಗೆ ನಾಬ್ಲುಸ್‌ನ ಸಾಬೂನು ಸಿಕ್ಕಂತೆ, ಕೋಟೆಯ ಮಣ್ಣು, ನೀಲಿ ತಾಡಪಾಲು, ಬಾಗಿಲ ಮೇಲೆ ಎಣಿಕೆಯವರು ಬರೆದುಹೋಗುವ ಸಂಖ್ಯೆ, ಯಾವುದಾದರೂ ಯಾರದಾದರೂ ಕೈಗೆ ಹತ್ತಬೇಕು.

ಶಿಬಿರದ ಆ ಹುಡುಗಿ ಕರ್ನಾಟಕವನ್ನು ಬರೆಯಲೇ ಇಲ್ಲ. ಹಾಳೆಯ ಬಲಬದಿಯ ಕೆಳಗೆ ಯಾದಗಿರಿ ಎಂದು ಬರೆದು, ಅಲ್ಲಿಂದ ರೈಲು ಹಳಿ ಎಳೆದಳು. ನಾಲವಾರ, ವಾಡಿ, ಶಹಾಬಾದ್, ಕಲಬುರಗಿ. ಪ್ಯಾಸೆಂಜರ್ ಗಾಡಿ ನಿಲ್ಲುವ ಕಡೆಯೆಲ್ಲ ಒಂದೊಂದು ಚುಕ್ಕೆ, ಚುಕ್ಕೆಯ ಪಕ್ಕ ಅಲ್ಲಿ ತಿನ್ನಲು ಸಿಗುವುದರ ಹೆಸರು. ಗಾಣಗಾಪುರ ರೋಡ್ ಬರುವ ಹೊತ್ತಿಗೆ ಹಾಳೆ ಮುಗಿಯಿತು. ಇನ್ನೊಂದು ಕೇಳಿದಳು, ಕೊಟ್ಟೆ. ಅಂಟುಟೇಪಿನಿಂದ ಎಡಕ್ಕೆ ಜೋಡಿಸಿಕೊಂಡು ದುಧನಿ, ಅಕ್ಕಲಕೋಟೆ ರೋಡ್, ಸೊಲ್ಲಾಪುರ ಎಂದು ಮುಂಬಯಿಯ ದಾದರಿನವರೆಗೆ ಹೋದಳು. ಎರಡು ಹಾಳೆಗಳು ಕೂಡಿದ ಆ ಜಾಗದಲ್ಲೇ, ಗಾಣಗಾಪುರ ರೋಡಿಗೂ ದುಧನಿಗೂ ನಡುವೆ, ಕರ್ನಾಟಕ ಮುಗಿದು ಮಹಾರಾಷ್ಟ್ರ ಶುರುವಾಗುತ್ತದೆ. ಅವಳು ಬೇಕೆಂದೇ ಹಾಗೆ ಮಾಡಿದಳೋ, ಕಾಗದ ಅಲ್ಲಿಗೆ ಸಾಕಾಯಿತೋ ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ಟೇಪಿನ ಮೇಲೂ ಹಳಿ ಎಳೆದುಬಿಟ್ಟಿದ್ದಳು.